ನಾನು ತೋರಿಸಿದ ಮೂಲಾ ನಕ್ಷತ್ರ

ಮೊದಲು ಗೆಳೆಯನಾಗಿ, ಆಮೇಲೆ ಬೀಗನಾಗಿ, ಕಡೆಗೆ ಒಂದು ಮಾತೂ ಹೇಳದೆ ಎದ್ದುಹೋದ ಮಲ್ಲಣ್ಣನಿಗೆ,

ಶಹಾಪುರದ ನನ್ನ ಗಿರಣಿಯಲ್ಲಿ ಜೋಳದ ಚೀಲದ ಮೇಲೆ ಕೂತು ನೀನು ಜಿಲೇಬಿ ತಿನ್ನುತ್ತಿದ್ದ ಆ ಮಧ್ಯಾಹ್ನ ನೆನಪಿದೆಯೇ? ನಿನಗೆ ಸಕ್ಕರೆ ಕಾಯಿಲೆಯೆಂದು ನಿನ್ನ ಹೆಂಡತಿ ನೀಲಮ್ಮ ಮನೆಯಲ್ಲಿ ಬೆಲ್ಲದ ಡಬ್ಬಿಗೂ ಕಾವಲು ಕೂತಿದ್ದಳು. ನೀನು ಅಂಗಡಿ ಬಿಟ್ಟು ಗಿರಣಿಗೆ ಬಂದು, ಹಿಟ್ಟಿನ ಧೂಳಿನ ಮರೆಯಲ್ಲಿ ನಿನ್ನ ಪಾಲಿನ ಸುಖ ಮುಗಿಸಿ, ಮೀಸೆ ಒರೆಸಿಕೊಂಡು ಹೋಗುತ್ತಿದ್ದೆ. ಆಗಲೇ ಸಂಬಂಧ ಕೂಡಿಸುವ ಚನ್ನಪ್ಪ ಮುಖ ಸಣ್ಣದು ಮಾಡಿಕೊಂಡು ಬಂದ. ಸುರಪುರದ ನನ್ನ ಅಕ್ಕನ ಮಗಳು ರೇಣುಕಾಳನ್ನು ನೋಡಿ ಒಪ್ಪಿದ್ದವರು, ಹುಡುಗಿಯದು ಮೂಲಾ ನಕ್ಷತ್ರ ಎಂದು ಗೊತ್ತಾದ ಕೂಡಲೇ ಹಿಂದೆ ಸರಿದಿದ್ದರು. ಅದು ಮೊದಲನೆಯ ಮನೆಯೂ ಅಲ್ಲ. ಮೂಲಾ ನಕ್ಷತ್ರದ ಸೊಸೆ ಕಾಲಿಟ್ಟರೆ ಮಾವ ಉಳಿಯುವುದಿಲ್ಲವಂತೆ. ಮಾವ ಮೊದಲೇ ತೀರಿಹೋಗಿರುವ ಮನೆ ಹುಡುಕಿದರೆ ಯಾವ ತಕರಾರೂ ಇರುವುದಿಲ್ಲ ಎಂದು ಚನ್ನಪ್ಪ ಉಪಾಯ ಹೇಳಿದ. ನೀನು ಬೆರಳು ನೆಕ್ಕುತ್ತ, "ನಾ ಇನ್ನೂ ಜೀವಂತ ಅದೀನಿ. ನಡೀತದಂದ್ರ ನನ್ನ ಮಗ ಶರಣಗ ಕೊಡ್ರಿ" ಅಂದೆ. ಗಿರಣಿಯ ಸದ್ದಿನಲ್ಲಿ ತಪ್ಪಾಗಿ ಕೇಳಿತೇನೋ ಎಂದು ನಾನು ಮಷಿನ್ ನಿಲ್ಲಿಸಿದೆ. ನೀನು ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ.

ಮದುವೆಗೆ ಮುಂಚೆ, ಮಾಘದ ಒಂದು ಸಂಜೆ, ನಿಮ್ಮ ಮಾಳಿಗೆ ಹತ್ತಿದ್ದೆವಲ್ಲ. ಬುದ್ಧ ಮಲಗಿದಂತೆ ಕಾಣುವ ನಮ್ಮ ಬೆಟ್ಟದ ಮೇಲೆ ಕೆಂಪು ಇನ್ನೂ ಪೂರ್ತಿ ಆರಿರಲಿಲ್ಲ. "ನನ್ನ ಒಯ್ಯೋ ಚುಕ್ಕಿ ಯಾವದು, ಒಮ್ಮೆ ತೋರ್ಸು. ಮಾರಿ ನೋಡಿಕೊಂಡು ಇರ್ತೀನಿ" ಅಂದೆ ನೀನು. ನಾನು ಓದಿದ್ದು ಏಳನೇ ತರಗತಿ, ಖರೆ. ಆದರೆ ನಮ್ಮ ಕಾಲದ ಏಳನೇ ತರಗತಿ ಅಂದರೆ ಈಗಿನ ಕಾಲೇಜಿಗೆ ಸಮ, ಇದನ್ನು ನಾನು ನಿನಗೆ ಎಷ್ಟು ಸಲ ಹೇಳಿಲ್ಲ? ಗೊತ್ತಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಎಂದಾದರೂ ಬಂದಿದೆಯೇ? ದಕ್ಷಿಣಕ್ಕೆ ಎಲ್ಲಕ್ಕಿಂತ ದೊಡ್ಡದಾಗಿ ಉರಿಯುತ್ತಿದ್ದ ಚುಕ್ಕೆಗೆ ಕೈ ಮಾಡಿ, ಇದೇ ಮೂಲಾ ಎಂದು ತೋರಿಸಿಬಿಟ್ಟೆ. ನೀನು ಧೋತರ ಸರಿಮಾಡಿಕೊಂಡು ಎದ್ದು ನಿಂತು ಅದಕ್ಕೆ ಸಲಾಮು ಹೊಡೆದೆ.

ಆಮೇಲಿನ ವರ್ಷಗಳಲ್ಲಿ ಆ ಚುಕ್ಕೆಯ ಜೊತೆ ನೀನು ಆಡಿದ ಜಗಳ ಓಣಿಗೆಲ್ಲ ಗೊತ್ತು. ಅಂಗಡಿ ಮುಚ್ಚಿ ಬಂದವನು ಅಂಗಳದಲ್ಲಿ ನಿಂತು, "ಏನಪಾ, ಇನ್ನೂ ಟೈಮ್ ಆಗಿಲ್ಲೇನು?" ಎಂದು ಮೇಲೆ ನೋಡಿ ಕೇಳುತ್ತಿದ್ದೆ. ಬೇಸಿಗೆ ಬಲಿತು ಅದು ಮುಳುಗಿದರೆ, ಸೋತು ಓಡಿಹೋದ ಎಂದು ಮೀಸೆ ತಿರುವುತ್ತಿದ್ದೆ. ಒಳಗೆ ರೇಣುಕಾ ನಗುವುದು ಕೇಳಿಸುತ್ತಿತ್ತು. ಆಕೆ ನಗಲಿ ಎಂದೇ ಅಷ್ಟು ಜೋರಾಗಿ ಕೂಗುತ್ತಿದ್ದೆಯಾ? ಕೇಳಬೇಕೆಂದುಕೊಂಡಿದ್ದೆ. ಕೇಳಲಿಲ್ಲ. ಯಾವಾಗಲಾದರೂ ಕೇಳಿದರಾಯಿತು ಅಂತ...

ತೊಗರಿ ರಾಶಿಯ ದಿನಗಳಲ್ಲಿ, ಊಟ ಮಾಡಿ ಅಂಗಡಿಯಲ್ಲಿ ಕೂತವನು ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟೆ. ಮಲಗಿದ್ದೀಯೆಂದು ಗಿರಾಕಿಗಳು ನಿನ್ನ ಎಬ್ಬಿಸದೆ ಕಾದರಂತೆ. ಡಾಕ್ಟರು ಎದೆ ನಿಂತಿತು ಎಂದರು. ನಿನ್ನನ್ನು ಮಣ್ಣಿಗೆ ಒಪ್ಪಿಸಿ ಬರುವಷ್ಟರಲ್ಲಿ ಮಂದಿ ಬೇರೆ ಕಾರಣ ಕಂಡುಹಿಡಿದಿದ್ದರು. ಗಿರಣಿಯಲ್ಲಿ ಡಬ್ಬಿ ಹಿಡಿದು ನಿಂತವರು ನನ್ನ ಕಂಡರೆ ಮಾತು ನುಂಗುತ್ತಿದ್ದರು. ನುಂಗಿದ್ದು ಏನೆಂದು ನನಗೆ ಗೊತ್ತಿರಲಿಲ್ಲವೇ? ಅವರ ಮಾತು ಹಾಳಾಗಲಿ. ನೀಲಮ್ಮ ಒಂದು ಮಾತೂ ಆಡದೇ ಇದ್ದಳಲ್ಲ, ಅದು ಕಷ್ಟವಾಯಿತು. ತನ್ನ ರೊಟ್ಟಿ ತಾನೇ ಮಾಡಿಕೊಂಡಳು. 'ರೇಣವ್ವಾ' ಎಂದು ಕರೆಯುವುದನ್ನು ನಿಲ್ಲಿಸಿದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ರೇಣುಕಾ, ಯಾದಗಿರಿಗೆ ವರ್ಗ ಮಾಡಿಸಿಕೊಂಡು ಅಲ್ಲೇ ಮನೆ ಮಾಡುತ್ತೇನೆ ಎಂದು ನನ್ನ ಮುಂದೆ ಅಂದಳು. ನೀನು ಅಷ್ಟು ಹಟ ಮಾಡಿ ತಂದ ಸೊಸೆ ಮಲ್ಲಣ್ಣ, ನಿನ್ನ ಮನೆಯಿಂದ ಹೊರಡಲು ತಯಾರಾಗಿದ್ದಳು.

ಭಾದ್ರಪದದಲ್ಲಿ ಒಂದು ಸಂಜೆ ಹಿಟ್ಟು ಕೊಡುವ ನೆಪದಿಂದ ನಿಮ್ಮ ಮನೆಗೆ ಹೋದೆ. ಅತ್ತೆ ಸೊಸೆ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಒಟ್ಟುಮಾಡುತ್ತಿದ್ದರು, ಒಬ್ಬರು ಆ ತುದಿ, ಒಬ್ಬರು ಈ ತುದಿ. ನಾನು ನೀಲಮ್ಮನಿಗೂ ಕೇಳಿಸಲೆಂದೇ ದನಿ ಎತ್ತಿ ರೇಣುಕಾಳಿಗೆ, ನಿನ್ನ ಮಾವನಿಗೆ ಮೂಲಾ ನಕ್ಷತ್ರ ಪರಿಚಯ ಮಾಡಿಸಿದವನೇ ನಾನು, ನಿನಗೂ ತೋರಿಸುತ್ತೇನೆ ಬಾ ಎಂದು ದಕ್ಷಿಣಕ್ಕೆ ಕೈ ಚಾಚಿದೆ. ಚಾಚಿದ ಕಡೆ ಆ ಚುಕ್ಕೆಯೇ ಇಲ್ಲ!

"ಮಾಮಾ, ಅವರಿಗೆ ಯಾವಾಗ ತೋರ್ಸಿದ್ರಿ?" ಎಂದು ರೇಣುಕಾ ಕೇಳಿದಳು.

"ಮಾಘದಾಗ. ಹೊತ್ತು ಮುಣುಗಿದ ಮ್ಯಾಲ."

"ಹಂಗಾದ್ರ ಅದು ಅಗಸ್ತ್ಯ ನಕ್ಷತ್ರರಿ. ಮಾಘದಾಗ ಮೂಲಾ ಕಾಣೂದು ಬೆಳಗಿನ ಜಾವಕ್ಕ."

ನಾನು ದಿಕ್ಕು ಸರಿಯಾಗಿಯೇ ತೋರಿಸಿದ್ದೆ, ಚುಕ್ಕೆ ಮಾತ್ರ ಬೇರೆ ಎಂದೆ. ಅಷ್ಟರಲ್ಲಿ ಆ ತುದಿಯಿಂದ ನೀಲಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಅಂದ್ರ ನಮ್ಮನಿಯವರು ಇಷ್ಟು ವರ್ಷ ಜಗಳಾಡಿದ್ದು ಸಂಬಂಧ ಇಲ್ಲದ ಚುಕ್ಕಿ ಕೂಡ ಏನ್ರಿ ಬೀಗರ?" ಅಂದಳು. ಅಂದು ನಕ್ಕಳು. ನೀನು ಹೋದ ಮೇಲೆ ಮೊದಲ ಸಲ. ನಗುತ್ತ ನಗುತ್ತ ಸೆರಗು ಬಾಯಿಗೆ ಹೋಯಿತು, ಕಣ್ಣಿಗೂ ಹೋಯಿತು. ಸುಧಾರಿಸಿಕೊಂಡ ಮೇಲೆ, "ಖರೇದು ಯಾವದು, ತೋರ್ಸು ರೇಣವ್ವಾ" ಅಂದಳು.

ರೇಣುಕಾ ಚೇಳಿನ ಆಕಾರ ತೋರಿಸಿ, ಕೊಂಡಿಯಲ್ಲಿ ಮಿನುಗುವ ಚುಕ್ಕೆಗೆ ಬೆರಳು ಮಾಡಿದಳು. ಅದರ ಮುಂದೆ ನಮ್ಮ ಸೂರ್ಯ ಆರುತ್ತ ಬಂದ ಕೆಂಡವಂತೆ, ಅಷ್ಟು ಶಾಖ. ಅದು ದಿನಕ್ಕೆ ನಾಲ್ಕೈದು ಸಲ ಉಬ್ಬಿ ಇಳಿಯುತ್ತದಂತೆ, ಬೆಳಕೂ ಒಂಚೂರು ಏರಿ ಇಳಿಯುತ್ತದಂತೆ, ಬರಿಗಣ್ಣಿಗೆ ಗೊತ್ತಾಗದಷ್ಟು. ನನಗೆ ಗೊತ್ತಾಗುತ್ತದೆ ಎಂದು ನಾನು ಹೇಳಿದ್ದನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಎದಿ ಬಡಕೊಂಡಂಗ ಏನು?" ಎಂದಳು ನೀಲಮ್ಮ.

"ಹೌದ್ರಿ ಅತ್ತಿ."

"ನಾವು ಇಲ್ಲಿ ಅದೀವಿ ಅಂತ ಅದಕ್ಕ ಗೊತ್ತದ?"

"ಹೆಂಗ ಗೊತ್ತಿರಬೇಕ್ರಿ? ಇವತ್ತು ಕಾಣೋ ಬೆಳಕು ನಮ್ಮ ಮುತ್ತಜ್ಜನ ಮುತ್ತಜ್ಜ ಹುಟ್ಟೂಕಿಂತ ಮೊದಲ ಅಲ್ಲಿಂದ ಹೊಂಟದ್ದು."

ನೀಲಮ್ಮ ಬಹಳ ಹೊತ್ತು ನೋಡಿದಳು. ಆಮೇಲೆ, "ತನ್ನ ಪಾಡಿಗೆ ತಾನು ಉರಿಯಾಕತ್ತದ, ಪಾಪ" ಅಂದಳು. ಅದು ಚುಕ್ಕೆಗೆ ಹೇಳಿದ್ದೋ, ಪಕ್ಕದಲ್ಲಿ ನಿಂತವಳಿಗೋ... ಮೆಟ್ಟಿಲು ಇಳಿಯುವಾಗ ಸೊಸೆಯ ಕೈ ಹಿಡಿದುಕೊಂಡೇ ಇಳಿದಳು. ಅವತ್ತು ರೇಣುಕಾ ಬಡಿದ ರೊಟ್ಟಿಯನ್ನೇ ಉಂಡಳು. ನಾನೂ ಉಂಡೆ, ಆಕೆಗಿಂತ ಹೆಚ್ಚು. ಯಾದಗಿರಿಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ದೀಪಾವಳಿಯ ಮುಂದೆ ಅದೇ ಚನ್ನಪ್ಪ ನಿಮ್ಮ ಪಡಸಾಲೆಯಲ್ಲಿ ಕೂತಿದ್ದ. ನಿನ್ನ ಕಿರಿಮಗ ಬಸುವಿಗೆ ಹೆಣ್ಣುಗಳ ಮೇಲೆ ಹೆಣ್ಣು ಹೇಳುತ್ತಿದ್ದ, ಎಲ್ಲವೂ ಮೂಲಾ ನಕ್ಷತ್ರದವೇ! ಯಾಕೆಂದು ತಿಳಿಯಿತೇ? ಈಗ ನಿನ್ನ ಮನೆ ಮಾವ ಇಲ್ಲದ ಮನೆಯಲ್ಲವೇ, ನಿನ್ನಿಂದ ಅದಕ್ಕೆ ಬೆಲೆ ಬಂದಿದೆ. ನೀನಿದ್ದಿದ್ದರೆ ಎಷ್ಟು ನಗುತ್ತಿದ್ದೆ! ಇನ್ನು ನಿಮಗೆ ಯಾರ ಅಂಜಿಕೆಯೂ ಇಲ್ಲ ಎಂದು ಆತ ಅಂದಾಗ ನೀಲಮ್ಮ ಚಹಾದ ಕಪ್ಪು ಅವನ ಮುಂದೆ ಇಟ್ಟು, "ನಮ್ಮನಿಯವರು ಬದುಕಿದ್ದಾಗ ಮೂಲಾ ಸೊಸಿ ತಂದಾರ. ಅವರು ಇದ್ದಾಗಿಲ್ಲದ ಅಂಜಿಕಿ ಈಗ್ಯಾಕ? ಹುಡುಗಿ ಗುಣದಾಗ ನಮ್ಮ ರೇಣವ್ವನಂಗ ಅದಾಳೇನು, ಅಷ್ಟ ಹೇಳು" ಅಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ರೇಣುಕಾ ತಟ್ಟನೆ ಒಳಗೆ ಹೋದಳು.

ಮೊನ್ನೆ ಸೈದಾಪುರದ ಕಡೆಯ ಹುಡುಗಿಯ ಜೊತೆ ಬಸುವಿನ ನಿಶ್ಚಯವಾಯಿತು. ನೀನು ಕೇಳದ ಸುದ್ದಿ ಇದೇ. ಎಲೆ ಅಡಿಕೆ ಬದಲಾಯಿಸುವಾಗ ನಿನ್ನ ಜಾಗದಲ್ಲಿ ನನ್ನನ್ನೇ ಕೂಡಿಸಿದ್ದರು. ನಿನಗಿಂತ ಚೆನ್ನಾಗಿಯೇ ಕೂತಿದ್ದೆ ಅನ್ನು. ಜಿಲೇಬಿ ಬಡಿಸಿದಾಗ ಮಾತ್ರ ಒಂದನ್ನು ನಿನ್ನ ಪಾಲೆಂದು ಎಲೆಯ ಅಂಚಿಗೆ ಸರಿಸಿಟ್ಟೆ.

ನಿಮ್ಮ ಮನೆಯಿಂದ ಹೊರಟಾಗ ಕತ್ತಲಾಗುತ್ತಿತ್ತು. ಅಂಗಳದಲ್ಲಿ ನೀಲಮ್ಮ ಒಬ್ಬಳೇ ನಿಂತು ಮೇಲೆ ನೋಡುತ್ತಿದ್ದಳು. ಮೂಲಾ ಈ ದಿನಗಳಲ್ಲಿ ಕಾಣುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ, ಈಗ ನನಗೆ ಖರೆಯೇ ಗೊತ್ತಿದೆ ನೋಡು. ಆದರೆ ಆಕೆ ಯಾರನ್ನು ಹುಡುಕುತ್ತಿದ್ದಳೋ, ಚಪ್ಪಲಿ ಮೆಟ್ಟಿ ನಡೆದುಬಿಟ್ಟೆ. ಹುಡುಗಿಯ ನಕ್ಷತ್ರ ಯಾವುದೆಂದು ಈವರೆಗೂ ಆ ಮನೆಯಲ್ಲಿ ಯಾರೂ ಕೇಳಿಲ್ಲ. ಚನ್ನಪ್ಪ ನನ್ನ ಕಿವಿಯಲ್ಲಿ ಹೇಳಿದ್ದಾನೆ. ಯಾರಿಗೂ ಹೇಳುವುದಿಲ್ಲ ಮಲ್ಲಣ್ಣ, ನಿನಗೂ ಇಲ್ಲ. ಬೇಕಾದರೆ ಎದ್ದು ಬಂದು ಕೇಳು.

ನಿನ್ನ ಬೀಗ,
ಗಿರಣಿ ಸಿದ್ದಪ್ಪ