ಹತ್ತೊಂಬತ್ತು ಒಂದುಗಳು

3 ಜನವರಿ 2025, ಶುಕ್ರವಾರ. ಬೆಳಗ್ಗೆ 7

ಬಿ.ಪಿ. ಮಾತ್ರೆ ಕೊಟ್ಟಾಯಿತು. ಗಂಜಿ ಅರ್ಧ ಲೋಟ. ನಮ್ಮ ಯಜಮಾನರಿಗೆ ಸ್ಟ್ರೋಕ್ ಆಗಿ ಇಪ್ಪತ್ತು ದಿನ. ಬಲಗೈ ಮರದ ತುಂಡಿನ ಹಾಗೆ ಬಿದ್ದಿದೆ. ಮಾತು ತೊದಲು, ಆದರೂ ಅರ್ಥವಾಗುತ್ತದೆ. ಬಚ್ಚಲಿನ ದಾರಿ ಮರೆಯುತ್ತಾರೆ. ನಿನ್ನೆ ಮಗನ ಹೆಸರು ಮರೆತರು. ಗುಂಡ್ಲುಪೇಟೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಮನುಷ್ಯ! ಇಲ್ಲಿ ತೆರಕಣಾಂಬಿಯಲ್ಲಿ ಯಾರೂ ನೋಡಬಾರದೆಂದು ಬಾಗಿಲು ಎಳೆದುಕೊಂಡೇ ಇರುತ್ತೇನೆ.

"ನಂಗೆ ಹುಚ್ಚು ಹಿಡೀತಾ ಅದಾ?" ದಿನಕ್ಕೆ ಹತ್ತು ಸಲ ಇದೇ ಪ್ರಶ್ನೆ.

4 ಜನವರಿ, ಶನಿವಾರ

ಇವರೇ ಒಂದು ಪರೀಕ್ಷೆ ಹೇಳಿದರು. ಸಾಲಾಗಿ ಹತ್ತೊಂಬತ್ತು ಸಲ ಒಂದು ಬರೆದರೆ ಆಗುವ ಸಂಖ್ಯೆ. ಒಂದನ್ನು ಮತ್ತು ಅದನ್ನೇ ಬಿಟ್ಟರೆ ಬೇರೆ ಯಾವುದರಿಂದಲೂ ಅದು ಪೂರ್ತಿ ಭಾಗವಾಗದು. ಪ್ರತಿ ವರ್ಷ ಬೋರ್ಡಿನ ಉದ್ದಕ್ಕೂ ಬರೆದು, ಒಡೀರಿ ನೋಡನ, ಅನ್ನುತ್ತಿದ್ದರಂತೆ.

"ಹನ್ನೊಂದ್ರಲ್ಲಿ ಭಾಗ್ಸು. ಒಂದು ಉಳೀಬೇಕು. ಉಳುದ್ರೆ ನನ್ ತಲೆ ನೆಟ್ಟಗದೆ."

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಎಂಬತ್ತೊಂಬತ್ತು ತೆಗೆದವಳು ನಾನು. ಸೊಸೆ ಶಶಿರೇಖಾಗೆ ಕಾಗದ ತಾ ಅಂದೆ. ನನ್ನ ತವರು ಭೀಮನಬೀಡಿನ ಕಣದಲ್ಲಿ ರಾಗಿ ಅಳೆದ ಬಾಯಿ, ಒಂದಕ್ಕೆ ಲಾಭ, ಏಳಕ್ಕೆ ಮತ್ತೊಂದು ಅಂತ ಹಾಗೇ ಎಣಿಸುತ್ತ ಬರೆದೆ... ಲಾಭ, ಎರಡು, ಮೂರು... ಆರು, ಮತ್ತೊಂದು...

ಶಶಿರೇಖಾ ನಕ್ಕಳು. "ಅದ್ಯಾಕತ್ತೆ, ಏಳು ಅಂದ್ರೆ ರಾಗಿ ಎದ್ದು ಓಗ್ಬುಡ್ತದಾ?"

"ನಿಮ್ಮಪ್ಪನ ಮನೇಲಿ ಅಳೆಯಕ್ಕೆ ಏನಾದ್ರೂ ಇದ್ದಿದ್ರೆ ಗೊತ್ತಾಗದು. ತಗೋ, ಏಳು!" ಬರೆದು ಮುಂದಕ್ಕೆ ಹೋದೆ. ಎಂಟು, ಒಂಬತ್ತು... ಹತ್ತೊಂಬತ್ತು.

ಭಾಗಿಸಿದೆ. ಶೇಷ ಸೊನ್ನೆ. ಮೂರು ಸಲ ಭಾಗಿಸಿದೆ. ಸೊನ್ನೆಯೇ.

ಸರಿಯಾಗಿ ನೋಡು ಎಂದು ಸಹ ಅನ್ನಲಿಲ್ಲ. "ನೀನು ತಪ್ಪು ಮಾಡೋಳಲ್ಲ ಕಣಮ್ಮಿ. ನನ್ ತಲೇನೆ ಓಗದೆ. ಬುಡು." ಗೋಡೆಗೆ ತಿರುಗಿದರು.

9 ಜನವರಿ

ಐದು ದಿನ. ಒಂದು ಮಾತಿಲ್ಲ. ಹುಚ್ಚು ಹಿಡೀತಾ ಎಂಬ ಪ್ರಶ್ನೆಯೂ ಇಲ್ಲ. ಬಾಯಿ ಬಿಗಿ ಹಿಡಿಯುತ್ತಾರೆ, ಗಂಜಿ ದಿಂಬಿಗೆ ಇಳಿಯುತ್ತದೆ. ಗದರಿದೆ. ಮಗು ಬೆದರುವ ಹಾಗೆ ಬೆದರಿದರು. ಹೊರಗೆ ಬಂದುಬಿಟ್ಟೆ.

11 ಜನವರಿ, ಶನಿವಾರ. ಮಧ್ಯಾಹ್ನ

ಮಿಲ್ಲಿಗೆ ರಾಗಿ ಅಳೆಯುತ್ತಿದ್ದೆ. ಆರು, ಮತ್ತೊಂದು — ಸೇರು ಕೈಯಲ್ಲೇ ನಿಂತಿತು. ಒಳಗೆ ಹೋಗಿ ಆ ಕಾಗದ ತೆಗೆದು ಎಣಿಸಿದೆ. ಇಪ್ಪತ್ತು ಇವೆ. ಮತ್ತೊಂದು ಅಂತ ಒಂದು ಬರೆದು, ಸೊಸೆಯ ಮೇಲಿನ ಸಿಟ್ಟಿಗೆ ಏಳು ಅಂತ ಇನ್ನೊಂದು ಬರೆದಿದ್ದೇನೆ. ಭಾಗಾಕಾರ ನೋಡಿದೆ ಮೂರು ಸಲ, ಅಂಕಿ ಎಣಿಸಿ ನೋಡಲಿಲ್ಲ.

ಹತ್ತೊಂಬತ್ತೇ ಬರೆದು ಭಾಗಿಸಿದೆ. ಒಂದು ಉಳಿಯಿತು.

ಹೇಳಬೇಕು. ಆದರೆ ನಾದಿನಿ ಗುರುಮಲ್ಲಮ್ಮ ಉಡಿಗಾಲದಿಂದ ಸಂಕ್ರಾಂತಿಗೆ ಬಂದಿದ್ದಾಳೆ, ಅಣ್ಣನ ಮಂಚ ಬಿಟ್ಟು ಏಳುವುದಿಲ್ಲ. ಅವಳೆದುರಿಗೆ, ಸೊಸೆಯ ಎದುರಿಗೆ, ತಪ್ಪು ನನ್ನದು ಎಂದು... ಹಬ್ಬ ಕಳೆಯಲಿ.

17 ಜನವರಿ. ಚಾಮರಾಜನಗರ, ಆಸ್ಪತ್ರೆ

ಹಬ್ಬದ ಮಾರನೆ ದಿನ ಗುರುಮಲ್ಲಮ್ಮನನ್ನು ಬಸ್ಸು ಹತ್ತಿಸಿ ಬಂದೆ, ಹೇಳಿಬಿಡೋಣ ಎಂದು. ಇವರ ಕಣ್ಣು ಮೇಲಾಗಿತ್ತು. ಎರಡನೇ ಸ್ಟ್ರೋಕ್. ನಾಲ್ಕು ದಿನ ಹೇಳದೆ ಇಟ್ಟುಕೊಂಡದ್ದು ನಾನು. ಬೇರೆ ಯಾರೂ ಅಲ್ಲ.

ಡಾಕ್ಟರು ಹೆಚ್ಚು ಹೇಳಲಿಲ್ಲ. ಕಿವಿ ಕೇಳಿಸಬಹುದು, ಮಾತಾಡಿಸಿ, ಅಂದರು.

18 ಜನವರಿ. ಬೆಳಗ್ಗೆ 10

ಹೇಳಿದೆ. ಗಟ್ಟಿಯಾಗಿ. "ತಪ್ಪು ನಂದು ರೀ. ಒಂದು ಹೆಚ್ಗೆ ಬರ್ದುಬುಟ್ಟಿದ್ದೆ. ನಿಮ್ ತಲೆ ನೆಟ್ಟಗದೆ." ವಾರ್ಡೆಲ್ಲ ತಿರುಗಿ ನೋಡಿತು. ನೋಡಲಿ. ಶಶಿರೇಖಾ ನನ್ನ ಭುಜ ಹಿಡಿದುಕೊಂಡಳು.

ಕಣ್ಣು ಬಿಟ್ಟರು. ಕೇಳಿಸಿದೆ. ತಲೆ ಆಡಿಸಿದರು — ಎಡಕ್ಕೆ, ಬಲಕ್ಕೆ. ಅಲ್ಲ ಎಂದು.

ಸರಿಯಾದ ಲೆಕ್ಕದ ಕಾಗದ ಮುಖದ ಹತ್ತಿರ ಹಿಡಿದೆ. ನೋಡಲೇ ಇಲ್ಲ. ಮತ್ತೆ ಎಡಕ್ಕೆ, ಬಲಕ್ಕೆ. ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡಿದ್ದಾರೆ. ನಲವತ್ತೆಂಟು ವರ್ಷದ ಸಂಸಾರದಲ್ಲಿ ನಾನು ಒಂದು ಸಲ, ಸಾರಿಗೆ ಉಪ್ಪು ಹೆಚ್ಚಾದದ್ದಕ್ಕಾದರೂ, ತಪ್ಪು ನನ್ನದು ಅಂದಿದ್ದರೆ, ಇವತ್ತು ಇವರು —