ಬೋರಲು ಬಿದ್ದ ಬುಟ್ಟಿ

ನೀಲಾ,

ನಿನಗೆ ಓದಲು ಬಾರದು. ಓದಿ ಹೇಳುವ ನಿನ್ನ ಸೊಸೆ ವಿನುತಾಳ ಕೈಗೆ ಇದನ್ನು ಕೊಡುವವಳು ನಾನಲ್ಲ. ಎದುರುಬದುರು ಕೂತು ಮೀನು ಮಾರುತ್ತಲೇ ನಾವು ಮಾತು ಬಿಟ್ಟು ವರ್ಷಗಳಾದವು.

ಲಾಕ್‌ಡೌನ್ ಆದಾಗಿನಿಂದ ಹಾಲಿನ ನೆಪದಲ್ಲಿ ದಿನವೂ ಕಾರವಾರದ ಪೇಟೆ ಸುತ್ತಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇನೆ. ಗ್ರೀನ್ ಸ್ಟ್ರೀಟಿನ ಮುಚ್ಚಿದ ಅಂಗಡಿಗಳು, ಮೀನು ಮಾರುಕಟ್ಟೆಯ ಒಣಗಿದ ಕಟ್ಟೆಗಳು. ಇಂದು ಒಬ್ಬ ಪೊಲೀಸ್ ತಡೆದ.

"ಅಮ್ಮಾ, ಖಾಲಿ ಮಾರ್ಕೆಟ್ಟಿಂದು ಫೋಟೋ ತೆಗ್ದು ಎಂತಾ ಮಾಡ್ತ್ರಿ?"

"ಖಾಲಿ ಅಂತ ನಿಂಗ್ಯಾರು ಹೇಳಿದ್ರೊ? ಒಂದೊಂದ್ ಜಾಗಕ್ಕೂ ಒಬ್ಬೊಬ್ಳು ಇದ್ದಾಳೆ!"

ಮಾರುಕಟ್ಟೆ ಮುಚ್ಚಿದ ದಿನ, ಬೇರೆಯವರು ಕೂರಬಾರದೆಂದು ಎಲ್ಲರೂ ಅವರವರ ಜಾಗದಲ್ಲಿ ಬುಟ್ಟಿ ಬಿಟ್ಟು ಬಂದೆವಲ್ಲ. ಆಮೇಲೆ ನಿನ್ನನ್ನು ಆಸ್ಪತ್ರೆಗೆ ಒಯ್ದರು. ಅಂದಿನಿಂದ ನಿನ್ನ ಬುಟ್ಟಿಯ ಫೋಟೋ ತೆಗೆಯದ ದಿನವಿಲ್ಲ.

ಇಂದು ಅದು ಬೋರಲು ಬಿದ್ದಿತ್ತು. ಗಾಳಿ ಇರಲಿಲ್ಲ, ಅಕ್ಕಪಕ್ಕದವು ನೆಟ್ಟಗೇ ಇದ್ದವು. ಬದುಕಿರುವವಳ ಬುಟ್ಟಿಯನ್ನು ನಮ್ಮಲ್ಲಿ ಯಾರೂ ಬೋರಲು ಹಾಕುವುದಿಲ್ಲ. ಸತ್ತವಳದ್ದನ್ನು ಮನೆಯವರೇ ಬಂದು ಹಾಕುತ್ತಾರೆ. ಫೋಟೋ ತೆಗೆಯದೆ ಅದನ್ನು ಎತ್ತಿ ನೆಟ್ಟಗೆ ಇಟ್ಟೆ.

ಮನೆಗೆ ಬಂದರೆ ಮಗ ರೋಷನ ಬಾಗಿಲಲ್ಲೇ ನಿಂತಿದ್ದ. "ಆಯಿ, ವಿನುತಕ್ಕ ಫೋನ್ ಮಾಡಿದ್ಳು. ನಿನ್ ಹತ್ರಾನೇ ಹೇಳ್ಬೇಕಂತೆ."

"ನಾನು ಮನೇಲಿಲ್ಲ ಅನ್ನು."

"ಎಷ್ಟು ಸಲ ಹಾಗನ್ಲಿ?"

"ನಾ ಸಾಕು ಅನ್ನೋವರೆಗೆ."

ಈಗ ಮತ್ತೆ ಫೋನು ಬಡಿದುಕೊಳ್ಳುತ್ತಿದೆ. ನಾನು ಎತ್ತುವುದಿಲ್ಲ ನೀಲಾ. ಅವಳು ಹೇಳುವವರೆಗೆ ನೀನು ಆಸ್ಪತ್ರೆಯಲ್ಲೇ ಇದ್ದೀಯ.