ಬ್ರಿಂಗ್, ಟೇಕ್, ಫೆಚ್ ಮತ್ತು ಒಂದು ಚೊಂಬು

ಯಳಂದೂರು, ೧೯೬೮

ಲೇ ಪುಟ್ಟಮಾದಪ್ಪ,

ಮೊದಲು ನನ್ನ ಅಪರಾಧ ಒಪ್ಪಿಕೊಳ್ಳುತ್ತೇನೆ: ಈ ಕಾಗದಕ್ಕಾಗಿ ಶಾಲೆಯ ಹಾಜರಿ ಪುಸ್ತಕದ ಕೊನೆಯ ಹಾಳೆ ಹರಿದಿದ್ದೇನೆ. ಸರ್ಕಾರ ಕ್ಷಮಿಸಲಿ. ನೀನು ಊರು ಬಿಟ್ಟ ಮೇಲೆ ನಿನ್ನ ವಿಳಾಸ ಯಾರಿಗೂ ಗೊತ್ತಿಲ್ಲ, ಹಾಗಾಗಿ ಧೈರ್ಯವಾಗಿ ಬರೆಯುತ್ತೇನೆ.

ನನ್ನ ಕೆಲಸ ಕಾಯಂ ಮಾಡಬೇಕೋ ಬೇಡವೋ ಎಂದು ನೋಡಲು ಇವತ್ತು ಇನ್‌ಸ್ಪೆಕ್ಟರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಬ್ರಿಂಗ್, ಟೇಕ್, ಫೆಚ್ ಎಂದು ಬೋರ್ಡಿನ ತುಂಬ ವ್ಯಾಕರಣ ಸುರಿದೆ. ಶಿವರತ್ನ ಎಂಬ ಹುಡುಗಿ ಎದ್ದಳು.

"ಸಾ, ಬ್ರಿಂಗೂ ತರಾದೇ, ಫೆಚ್ಚೂ ತರಾದೇ. ಮತ್ಯಾಕ್ ಸಾ ಎಲ್ಡು?"

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. ಮೇಜಿನ ಮೇಲಿದ್ದ ನೀರಿನ ಚೊಂಬನ್ನು ಅವಳ ಕೈಗೆ ಕೊಟ್ಟು, "ಟೇಕ್" ಎಂದು ಬಾಗಿಲಿಗೆ ಕಳಿಸಿದೆ. "ಬ್ರಿಂಗ್" ಎಂದು ವಾಪಸು ಕರೆದೆ. ಆಮೇಲೆ ಚೊಂಬನ್ನು ನಾನೇ ಜಗಲಿಯಲ್ಲಿಟ್ಟು ಬಂದು, ಬರಿಗೈಯಲ್ಲಿ ನಿಂತವಳಿಗೆ "ಫೆಚ್" ಎಂದೆ. ಓಡಿಹೋಗಿ ತಂದಳು.

"ಫೆಚ್ಚಲ್ಲಿ ಓಗೋದೂ ಸೇರ್ಕಂಡದೆ ಕಣಮ್ಮಿ!" ಎಂದು ಗೆಳತಿಗೆ ಕೂಗಿದಳು.

ಹೌದು, ಆರು ವರ್ಷದ ಹಿಂದೆ ನೀನು ಮಾಡಿದ ಪಾಠವೇ. ಅವತ್ತು ಜೊತೆಯ ಮೇಷ್ಟ್ರಾಗಿ ಪಾಠ ನೋಡಲು ಹಿಂದೆ ಕೂತವನು ನಾನು. ನೋಡಿದವರು ಅಭಿಪ್ರಾಯ ಬರೆಯುವ ಟೀಕೆಯ ಪುಸ್ತಕದಲ್ಲಿ "ಇದು ವ್ಯಾಕರಣವಲ್ಲ, ಬಯಲಾಟ" ಎಂದು ಬರೆದೆ. ಎಲ್ಲರೂ ನಕ್ಕರು. ಅದನ್ನು ಓದಿಯೇ ಮೇಲಿನವರು ನಿನ್ನನ್ನು ಕಾಯಂ ಮಾಡಲಿಲ್ಲ.

ನಾನು ಕಾಯಂ ಆದೆ ಕಣೋ! ತಾಲ್ಲೂಕಿಗೇ ಮಾದರಿ ಪಾಠ ಎಂದು ಇನ್‌ಸ್ಪೆಕ್ಟರು ಎಲ್ಲರೆದುರು ಕೈ ಕುಲುಕಿದರು. "ಈ ವಿಧಾನ ಯಾರು ಹೇಳಿಕೊಟ್ಟದ್ದು ಮೇಷ್ಟ್ರೇ?" ಎಂದರು.

"ಯಾರೂ ಇಲ್ಲ ಸಾ, ನಾನೇ ಯೋಚಿಸಿದ್ದು" ಎಂದುಬಿಟ್ಟೆ.